ಕುಳ್ಳಯ್ಯನ ಐದು ಬೆರಳು

ಚುನಾವಣೆ ಬಂತೆಂದರೆ ಊರಿನ ಎಲ್ಲರ ಮನೆಗೂ ಓಟು ಕೇಳುವವರು ಬರುತ್ತಾರೆ. ಅಣ್ಣಮ್ಮನ ಮನೆಗೆ ಮಾತ್ರ ಅವರಿಗಿಂತ ಮುಂಚೆ ಪೊಲೀಸಿನವರ ಫೋನು ಬರುತ್ತದೆ. "ಅಜ್ಜಿ, ಕೋವಿ ತಂದು ಠಾಣೇಲಿ ಇಟ್ಬುಡಿ" ಅಂತ. ಬೆಳೆ ಕಾಯಲು ಕೋವಿ ಲೈಸೆನ್ಸು ಇಟ್ಟುಕೊಂಡವರೆಲ್ಲ ಓಟಿಗೆ ಮುಂಚೆ ಅದನ್ನು ಒಪ್ಪಿಸಿ, ಗೆದ್ದವರು ಹಾರ ಹಾಕಿಸಿಕೊಂಡ ಮೇಲೆ ಬಿಡಿಸಿಕೊಂಡು ಬರಬೇಕು. ಪಾಂಡವಪುರದ ಠಾಣೆಯ ಜಗಲಿಯಲ್ಲಿ ಆ ದಿನ ಕೂರುವ ಮುದುಕರ ಸಾಲಿನಲ್ಲಿ ಸೀರೆ ಉಟ್ಟವಳು ಅಣ್ಣಮ್ಮ ಒಬ್ಬಳೇ.

ಸಾಲಿನಲ್ಲಿ ಕೂತವರೆಲ್ಲ ಒಂದು ಕಾಲದಲ್ಲಿ ಒಟ್ಟಿಗೆ ಹಂದಿ ಬೇಟೆಗೆ ಹೋಗುತ್ತಿದ್ದವರು. ಈಗ ಅವರು ಒಂದೆಡೆ ಸೇರುವುದು ಚುನಾವಣೆಗೆ ಮಾತ್ರ. ಸೇರಿದರೆ ಯಾರು ಗೆದ್ದರು, ಯಾರು ಸೋತರು ಎಂಬ ಮಾತಿಲ್ಲ. ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆ, ಯಾವ ಎಣ್ಣೆ ಹಚ್ಚುತ್ತಾರೆ, ಇದೇ ಮಾತು. ವರ್ಷಗಟ್ಟಲೆ ಕೋವಿಯ ಒದೆ ತಿಂದ ಬಲಹೆಗಲು ಯಾರನ್ನೂ ಬಲಮಗ್ಗುಲಿಗೆ ಮಲಗಗೊಡುವುದಿಲ್ಲ. ಗುರಿ ಹಿಡಿದಾಗ ಕೋವಿಯ ಬಾಯಿಗೆ ಹತ್ತಿರವಾಗುವ ಎಡಗಿವಿ ಯಾರಿಗೂ ನೆಟ್ಟಗಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ಕೂಗಿ ಕೂಗಿ ಮಾತಾಡುತ್ತಾರೆ. ಹೊಸದಾಗಿ ಬಂದ ಕಾನ್‌ಸ್ಟೇಬಲ್ಲು ಹೊಡೆದಾಟವೆಂದು ಲಾಠಿ ಹಿಡಿದು ಹೊರಗೆ ಓಡಿ ಬಂದದ್ದೂ ಉಂಟು.

ಅಣ್ಣಮ್ಮ ಮಾತ್ರ ಈ ಮಾತಿಗೆ ಸೇರುತ್ತಿರಲಿಲ್ಲ. "ನಿಂಗೇನೂ ನೋವಿಲ್ವೇನಮ್ಮಿ?" ಎಂದು ಹಳೆಯ ಜೊತೆಗಾರ ಕರಿಯಪ್ಪ ಕೇಳಿದರೆ, "ನಂಗೇನು ದಾಡಿ ಬಂದದೆ? ಕುಳ್ಳಯ್ಯನ ಮಗಳು ಕಣಣ್ಣೋ ನಾನು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಎಪ್ಪತ್ತರ ಹತ್ತಿರ ಬಂದರೂ ಆ ಬಾಯಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಹೋದ ಲೋಕಸಭೆ ಚುನಾವಣೆ ಮುಗಿದು ಕೋವಿ ಬಿಡಿಸಿಕೊಳ್ಳಲು ಹೋದಾಗ ಮಗಳು ರಂಜಿತ ಸ್ಕೂಟರಿನಲ್ಲಿ ಕರೆದೊಯ್ದಿದ್ದಳು. ರಂಜಿತಳನ್ನು ಅದೇ ಊರಿಗೆ, ಎರಡು ಮನೆ ಆಚೆಗೆ ಕೊಟ್ಟಿದೆ. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಕಬ್ಬು, ಹಸು, ಡೇರಿಗೆ ಹಾಲು ಹಾಕುವುದು ಎಲ್ಲ ಇವಳದೇ ಯಜಮಾನಿಕೆ. ಠಾಣೆಯ ರೈಟರು ಕೋವಿ ಕೈಗೆ ಕೊಡುತ್ತಾ, "ವಯಸ್ಸಾಯ್ತಲ್ಲಜ್ಜಿ, ಲೈಸೆನ್ಸು ಮಗಳ ಹೆಸ್ರಿಗೆ ಮಾಡಿಸ್ಬುಡಿ" ಎಂದ. ರಂಜಿತಳ ಮುಖ ಅರಳಿತು. ಎಷ್ಟೋ ದಿನದಿಂದ ಅವಳ ನಾಲಿಗೆಯ ತುದಿಯಲ್ಲೇ ಇದ್ದ ಮಾತು ಅದು.

"ಬ್ಯಾಡ" ಎಂದಳು ಅಣ್ಣಮ್ಮ. ಎಡಗೈಯಲ್ಲಿ ಕೋವಿ ಹಿಡಿದು ಮೆಟ್ಟಿಲಿಳಿದಳು.

ದಾರಿಯುದ್ದಕ್ಕೂ ಜಗಳ. "ನಿನ್ ಹೆಸ್ರು ಹೋಯ್ತದೆ ಅಂತಲೇನವ್ವ? ಐದ್ಬೆರಳು ಅಣ್ಣಮ್ಮ ಅನ್ನೋ ಬಿರುದು ನೀನೇ ಮಡಿಕೊ. ಕಬ್ಬಿಗೆ ಹಂದಿ ನುಗ್ತಾವೆ, ನಾನು ತಟ್ಟೆ ಬಡ್ಕೊಂಡು ಕೂರ್ಲಾ?" ಎಂದು ರಂಜಿತ ಸ್ಕೂಟರು ಓಡಿಸುತ್ತಲೇ ಕೂಗಿದಳು. ಅಣ್ಣಮ್ಮನಿಗೆ ಅರ್ಧ ಗಾಳಿ ಕೇಳಿಸಿತು, ಅರ್ಧ ಮಾತು. ಕೇಳಿಸಿದ್ದಕ್ಕೂ ಅವಳು ಉತ್ತರ ಕೊಡಲಿಲ್ಲ. ಕೊಡಬೇಕೆಂದರೆ ತನ್ನ ಹೆಗಲಿನ ಕಥೆ ಹೇಳಬೇಕು. ಹೆಗಲಿನ ಕಥೆ ಹೇಳಿದರೆ ಅದು ಅಪ್ಪನ ಮೇಲೆ ದೂರು ಹೇಳಿದಂತೆ. ಹೆಗಲು ತೋರಿಸದಿದ್ದರೆ ಮಗಳೂ ಅದೇ ಒದೆಗೆ ಮೈಯೊಡ್ಡುತ್ತಾಳೆ. ಈ ಇಕ್ಕಟ್ಟಿನಲ್ಲಿ ಅವಳಿಗೆ ಉಳಿದದ್ದು "ಬ್ಯಾಡ" ಎಂಬ ಒಂದೇ ಮಾತು.

ಅಪ್ಪನ ಹೆಸರು ಕುಳ್ಳಯ್ಯ. ಆಳು ನೋಡಿದರೆ ತಲೆ ತಗ್ಗಿಸದೆ ಯಾರ ಮನೆಯ ಬಾಗಿಲನ್ನೂ ದಾಟಿದವನಲ್ಲ. ಆ ಹೆಸರನ್ನು ಹಿರಿಯರ ನೆನಪಿಗೆ ಇಟ್ಟಿದ್ದರೋ ಅಣಕಕ್ಕೆ ಇಟ್ಟಿದ್ದರೋ, ಯಾರಿಗೂ ಗೊತ್ತಿಲ್ಲ. ಕ್ಯಾತನಹಳ್ಳಿಯ ಮಗ್ಗುಲ ಊರು ಅವರದು. ನಾಲೆಯ ನೀರು, ಕಬ್ಬು, ಭತ್ತ, ಊರಿನಾಚೆಗೆ ಕುರುಚಲು ಗುಡ್ಡ. ಗುಡ್ಡದ ಹಂದಿಗೆ ಕಬ್ಬಿನ ರುಚಿ ಹತ್ತಿದ ಮೇಲೆ ಕೇಳಬೇಕೆ? ಸಂಜೆ ನೆಟ್ಟಗೆ ನಿಂತಿದ್ದ ಗದ್ದೆ ಬೆಳಿಗ್ಗೆ ಕಾಳಗ ನಡೆದ ಮೈದಾನವಾಗಿರುತ್ತಿತ್ತು. ಆಗ ಊರಿನವರು ಕುಳ್ಳಯ್ಯನ ಕೋವಿಯ ಕಡೆ ನೋಡುತ್ತಿದ್ದರು.

ಅದು ಹಳೆಯ ಕೇಪಿನ ಕೋವಿ. ನಳಿಗೆಯ ಬಾಯಿಯಿಂದಲೇ ಮದ್ದು ಸುರಿದು, ತೆಂಗಿನ ನಾರು ತುರುಕಿ, ಅದರ ಮೇಲೆ ಸೀಸದ ಚರೆ ಹಾಕಿ, ಗಜವೆಂಬ ಕಬ್ಬಿಣದ ಸಲಾಕೆಯಿಂದ ಜಡಿಯಬೇಕು. ಬರಿಯ ನಳಿಗೆಗೆ ಗಜ ಇಳಿಸಿದರೆ ಅದರ ತುದಿ ಕೋವಿಯ ಬಾಯಿಗೆ ಸಮನಾಗಿ ನಿಲ್ಲುತ್ತದೆ. ಹೀಗೆ ಈಡು ತುಂಬಿದ ಮೇಲೆ ಗಜ ಎಷ್ಟು ಬೆರಳಗಲ ಮೇಲೆದ್ದು ನಿಂತಿತೋ ಅದು ಅಷ್ಟು ಬೆರಳಿನ ಈಡು. ಸುತ್ತಿನ ಊರುಗಳಲ್ಲಿ ಮೂರು ಬೆರಳು ವಾಡಿಕೆ. ಕುಳ್ಳಯ್ಯನದು ಐದು. ಬೆರಳು ಹೆಚ್ಚಿದಷ್ಟೂ ಸದ್ದು ಹೆಚ್ಚು, ಒದೆಯೂ ಹೆಚ್ಚು. ಸಲ ಸಲಕ್ಕೂ ಬೆರಳಿಟ್ಟು ಅಳೆಯುವ ತಾಪತ್ರಯ ಬೇಡವೆಂದು ಗಜದ ಮೇಲೆ ಅರದಿಂದ ಒಂದು ಗೀಟು ಕೊರೆದುಕೊಂಡಿದ್ದ. ಅವನು ಈಡು ಹೊಡೆದರೆ ಕ್ಯಾತನಹಳ್ಳಿಯ ದನಗಳು ಕಿವಿ ನಿಮಿರಿಸುತ್ತಿದ್ದವು ಎಂದು ಊರಿನವರು ಹೇಳಿಕೊಳ್ಳುತ್ತಿದ್ದರು. ಕ್ಯಾತನಹಳ್ಳಿಯವರು ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ಗಂಡುಮಕ್ಕಳಿಲ್ಲದ ಕುಳ್ಳಯ್ಯ ಮಗಳಿಗೆ ಇನ್ನೂ ಲಂಗ ದಾವಣಿಯ ವಯಸ್ಸಿರುವಾಗಲೇ ಅವಳ ಹೆಗಲಿಗೆ ಕೋವಿ ಒತ್ತಿ ನಿಲ್ಲಿಸಿದ. ಮೊದಲ ಈಡಿಗೆ ಅಣ್ಣಮ್ಮ ಕೂಳೆ ಗದ್ದೆಯಲ್ಲಿ ಅಂಗಾತ ಬಿದ್ದಳು. ಅವ್ವ ಬಾಯಿ ಬಡಿದುಕೊಂಡು ಓಡಿ ಬಂದಳು. ಅಪ್ಪ ಗಹಗಹಿಸಿ ನಕ್ಕು ಎಬ್ಬಿಸಿದ. "ಹಾಲು ಕೊಡೋ ಹಸ ಒದೀತದೆ ಕಣ್ಮಗ. ಒದೆ ತಿನ್ನದೆ ಹಾಲು ಕುಡಿಯಕಾಯ್ತದಾ?" ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವ್ವ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟಿದಳು. ಕಟ್ಟುತ್ತಾ ಗಂಡನನ್ನು ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಆ ಕಾಲ ನೆನೆದರೆ ಅಣ್ಣಮ್ಮನಿಗೆ ಈಗಲೂ ಮೈ ಹಗುರಾಗುತ್ತದೆ. ಸುಗ್ಗಿ ಮುಗಿದು ಚಳಿ ಇನ್ನೂ ಬಿಡದ ಬೆಳಗುಗಳು. ಊರಿನ ಗಂಡಸರು ಗುಡ್ಡದ ಆ ಬದಿಯಿಂದ ತಮಟೆ ಬಡಿಯುತ್ತಾ, ನಾಯಿ ಛೂಬಿಡುತ್ತಾ ಬರುತ್ತಿದ್ದರು. ಈ ಬದಿಯ ಒಂದು ಗಂಡಿಯಲ್ಲಿ ಅಪ್ಪ, ಇನ್ನೊಂದರಲ್ಲಿ ಕರಿಯಪ್ಪನ ಕೋವಿ. ಅಪ್ಪನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಇವಳು. ಅಪ್ಪ ಮಾತಾಡುತ್ತಿರಲಿಲ್ಲ. ಕೋವಿಯನ್ನು ಇವಳ ಕೈಗೆ ದಾಟಿಸಿ ಹುಬ್ಬು ಹಾರಿಸಿದರೆ "ಈ ಸಲ ನಿಂದು" ಎಂದರ್ಥ. ಪೊದೆ ಅಲ್ಲಾಡಿ, ಕರಿಯ ಬೆನ್ನೊಂದು ಹೊರಗೆ ಹಾರಿ, ಗುಡ್ಡವೇ ಬಿರಿದ ಹಾಗೆ ಸದ್ದಾಗಿ, ಮದ್ದಿನ ಹೊಗೆಯಲ್ಲಿ ಏನೂ ಕಾಣದಾಗುವ ಆ ಒಂದು ಚಣ. ಆ ಚಣದಲ್ಲಿ ಹೆಗಲಿದೆಯೆಂಬುದೇ ನೆನಪಿರುತ್ತಿರಲಿಲ್ಲ.

ಪಾಲಿನಲ್ಲೂ ಒಂದು ನ್ಯಾಯವಿತ್ತು. ಈಡು ಹೊಡೆದವರಿಗೆ ತಲೆ, ಕೋವಿಗೊಂದು ಪಾಲು, ನಾಯಿಗೂ ಒಂದು ಪಾಲು. ಗುಡ್ಡ ಹತ್ತಲಾರದ ಮುದುಕರ ಮನೆಗೆ ಮೂಳೆಯಿಲ್ಲದ ಮೆತ್ತನೆ ತುಂಡು. ಅಣ್ಣಮ್ಮನ ಪಾಲಿಗೆ ಮೊದಲ ಸಲ ತಲೆ ಬಂದ ದಿನ ಕುಳ್ಳಯ್ಯ ಅದನ್ನು ಕುಕ್ಕೆಯಲ್ಲಿಟ್ಟು ತಾನೇ ಹೊತ್ತುಕೊಂಡು, ನೆಟ್ಟಗೆ ಮನೆಗೆ ಹೋಗುವ ದಾರಿ ಬಿಟ್ಟು ಊರಿನ ಎಲ್ಲ ಬೀದಿಗಳನ್ನೂ ಸುತ್ತಿ ಬಂದ. "ನನ್ ಮಗ ಹೊಡ್ದದ್ದು ಕಣ್ರಪ್ಪೋ!" ಎಂದು ಸಾರಿದ. ಆ ದಿನದ ಅಪ್ಪನ ಮುಖಕ್ಕಾಗಿ ಇನ್ನೊಂದು ಹೆಗಲಿದ್ದರೂ ಕೊಡುತ್ತಿದ್ದಳು ಅವಳು.

ಕಾಯ್ದೆ ಬಿಗಿಯಾಗಿ ಬೇಟೆ ನಿಂತಿತು. ಆಮೇಲೆ ಏನಿದ್ದರೂ ಹಂದಿ ಬೆದರಿಸುವ ಈಡು. ಚರೆ ಇಲ್ಲದಿದ್ದರೆ ಸದ್ದು ಸಪ್ಪೆಯಾಗುತ್ತದೆಂದು ಕುಳ್ಳಯ್ಯ ನಾರಿನ ಮೇಲೆ ಜೇಡಿಮಣ್ಣು ಜಡಿಯುವುದನ್ನು ಕಂಡುಕೊಂಡ. ಸದ್ದು ಉಳಿಯಿತು, ಜೊತೆಗೆ ಒದೆಯೂ ಉಳಿಯಿತು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ಅಣ್ಣಮ್ಮನ ಹೆಸರಿಗೆ ಬಂತು. ಕಬ್ಬು ಗಣ್ಣು ಕಟ್ಟುವ ಕಾಲದಲ್ಲಿ ದಿನವೂ ಮುಸ್ಸಂಜೆ ಅವಳ ಈಡು ಕೇಳಿಸಿದ ಮೇಲೆಯೇ ಊರಿನವರು ಕೈಕಾಲು ತೊಳೆದು ಉಣ್ಣಲು ಕೂರುತ್ತಿದ್ದರು.

ಗಂಡ ದೇವಯ್ಯ ಮನೆ ಅಳಿಯನಾಗಿ ಬಂದವನು. ಇರುವೆ ಸಾಲು ಕಂಡರೆ ಸುತ್ತಿ ಹೋಗುವಂಥ ಸಾಧು. ಅಣ್ಣಮ್ಮ ಕೋವಿ ಎತ್ತಿದರೆ ಕಿವಿಗೆ ಬೆರಳಿಟ್ಟುಕೊಂಡು ಬಣವೆಯ ಹಿಂದೆ ಕೂರುತ್ತಿದ್ದ. ಅದಕ್ಕೇ ಆ ಮನೆಯಲ್ಲಿ ನೆಟ್ಟಗೆ ಕೇಳಿಸುವ ಕಿವಿ ಅವನದೊಂದೇ. ರಂಜಿತ ಕೈಕೂಸಾಗಿದ್ದಾಗ ಅಣ್ಣಮ್ಮನಿಗೆ ಜ್ವರ ಬಂದು ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದೊಯ್ದ. ಸೂಜಿ ಚುಚ್ಚಲು ರವಿಕೆ ಸರಿಸಿದ ನರ್ಸಮ್ಮ ಹೆಗಲು ನೋಡಿ ಬೆಚ್ಚಿಬಿದ್ದಳು. "ಹೆಂಡ್ತಿಗೆ ಹೀಗಾ ಹೊಡೆಯೋದು? ಮನುಷ್ಯನೇನ್ರೀ ನೀವು?" ಎಂದು ಎಲ್ಲರ ಎದುರು ದೇವಯ್ಯನ ನೀರಿಳಿಸಿದಳು. ದೇವಯ್ಯ ತಲೆ ತಗ್ಗಿಸಿಕೊಂಡು ನಿಂತಿದ್ದ. ಹೊರಗೆ ಬಂದ ಮೇಲೆ, "ನೀವ್ಯಾಕೆ ಸುಮ್ಕಿದ್ರಿ?" ಎಂದು ಅಣ್ಣಮ್ಮ ಕೇಳಿದಳು. "ಕೋವಿ ಒದ್ದದ್ದು ಅಂದ್ರೆ ನಿಮ್ಮಪ್ಪನಿಗೆ ಬಯ್ಯೋರು. ನನ್ನ ಬಯ್ಕಳ್ಳಿ ಬುಡು" ಎಂದ. ಅವನನ್ನು ಮನಸಾರೆ ಗಂಡ ಎಂದು ಒಪ್ಪಿದ್ದು ಆ ದಿನವೇ ಎಂದು ಅಣ್ಣಮ್ಮ ಈಗಲೂ ಹೇಳುತ್ತಾಳೆ.

ಹೆಗಲು ಒಂದೇ ಸಲಕ್ಕೆ ಕೈಕೊಡಲಿಲ್ಲ. ಮೊದಲು ಅಟ್ಟದ ಮೇಲಿನ ಮಡಕೆ ಎಟುಕಲಿಲ್ಲ. ಆಮೇಲೆ ರಾತ್ರಿಯ ನೋವು, ಎಡಗಿವಿಯೊಳಗೆ ಬಿಡದೆ ಕೂಗುವ ಜೀರುಂಡೆ, ಈಡು ಹೊಡೆದ ಮರುದಿನ ಹಣೆ ಸಿಡಿತ. ಕೊನೆಕೊನೆಗೆ ಬಲಗೈ ಎದೆಯ ಮಟ್ಟಕ್ಕಿಂತ ಮೇಲೇಳದಾಯಿತು. ತಲೆ ಬಾಚಿ ತುರುಬು ಕಟ್ಟಿಕೊಳ್ಳಲು ಎರಡು ಕೈ ಬೇಕಲ್ಲ? ದಿನಾ ಬೆಳಿಗ್ಗೆ ಬಾಗಿಲು ಮುಂದೆ ಮಾಡಿಕೊಂಡು ದೇವಯ್ಯ ಹೆಂಡತಿಗೆ ತುರುಬು ಕಟ್ಟುತ್ತಿದ್ದ. ಊರಿಗೇ ಗೊತ್ತಿಲ್ಲದ ಆ ಗುಟ್ಟನ್ನು ಇಬ್ಬರೂ ಎಷ್ಟೋ ವರ್ಷ ಕಾಪಾಡಿದರು.

ಠಾಣೆಯಿಂದ ಬಂದ ಮೇಲೆ ತಾಯಿ ಮಗಳು ಒಂದು ವಾರ ಮಾತು ಬಿಟ್ಟರು. ಕೊನೆಗೆ ರಂಜಿತಳೇ ಸೋತು, ಒಂದು ಬೆಳಿಗ್ಗೆ ಗಿಣ್ಣು ಹಾಲಿನ ತಪ್ಪಲೆ ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ದೇವಯ್ಯ ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು ಅವ್ವನ ಕೂದಲು ಸುತ್ತುತ್ತಿದ್ದ. ಅವ್ವನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ರವಿಕೆ ಹಾಕದ ಹೆಗಲ ಮೂಳೆಯ ಮೇಲೆ ನಿಂಬೆಹಣ್ಣಿನಷ್ಟು ಗಂಟು.

"ಯಾವಾಗಿಂದ್ಲವ್ವ?" ಎಂದಳು ರಂಜಿತ. ಅವಳು ತಪ್ಪಲೆ ಕೆಳಗಿಟ್ಟು ಅಳತೊಡಗಿದಳು.

ಅವಳದೇ ಹಟಕ್ಕೆ ಆದಿಚುಂಚನಗಿರಿ ಆಸ್ಪತ್ರೆಗೆ ಹೋದದ್ದಾಯಿತು. ಫೋಟೋ ತೆಗೆಸಿ, ಸ್ಕ್ಯಾನು ಮಾಡಿಸಿ, ಕಿವಿ ಪರೀಕ್ಷೆ ಮಾಡಿಸಿ, ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಕೈಯೆತ್ತುವ ನರದಂಥ ಹುರಿಗಳು ಹಳೆಯ ಹಗ್ಗದ ಹಾಗೆ ಎಳೆ ಎಳೆ ಬಿಟ್ಟಿವೆ. ಕೀಲು ಸವೆದಿದೆ. ಎಡಗಿವಿಗೆ ಹೋದದ್ದು ಹೋಯಿತು. "ಇದು ಒಂದು ಏಟಿನ ಕೆಲಸ ಅಲ್ಲಮ್ಮ. ಒಂದು ಏಟು ವಾಸಿಯಾಗೋ ಮುಂಚೆ ಇನ್ನೊಂದು, ಹೀಗೆ ವರ್ಷಗಟ್ಟಲೆ ಬಿದ್ದಿದೆ. ಈಗ ನೋವು ಕಮ್ಮಿ ಮಾಡಬಹುದು, ಕೈ ಮೊದಲಿನ ಹಾಗೆ ಮೇಲೆ ಬರಲ್ಲ. ಇನ್ನು ಹೆಗಲಿಗೆ ಕೋವಿ ಮುಟ್ಟಿಸಬೇಡಿ."

ಇಷ್ಟು ಕೇಳಿದ ಮೇಲಾದರೂ ಮಗಳು ಬಿಡುತ್ತಾಳೆಂದು ಅಣ್ಣಮ್ಮ ಅಂದುಕೊಂಡಿದ್ದಳು. ಕುಳ್ಳಯ್ಯನ ಮೊಮ್ಮಗಳು ಬಿಟ್ಟಾಳೆ? ಬಸ್ಸಿನಲ್ಲಿ ಅವ್ವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, "ನೀನು ಇಷ್ಟು ವರ್ಸ ಹಲ್ಲು ಕಚ್ಕೊಂಡು ತಡ್ಕೊಂಡೆ. ಇನ್ಮೇಲೆ ನಾನು ತಡ್ಕೊತೀನಿ. ಅಜ್ಜನ ಈಡು ನಿಲ್ಲಬಾರ್ದು ಕಣವ್ವ" ಎಂದಳು. ತೋರಿಸಬಾರದ ಹೆಗಲನ್ನು ತೋರಿಸಿದ್ದಾಯಿತು. ಮಗಳು ಅದರಲ್ಲಿ ನೋಡಿದ್ದು ಗಾಯವನ್ನಲ್ಲ, ಶೌರ್ಯವನ್ನು. ಈ ಹುಡುಗಿಯ ಕೈಯೂ ಒಂದು ದಿನ ಹೀಗೇ ಮಡಿಲಲ್ಲಿ ಬಿದ್ದಿರುತ್ತದೆ ಎನ್ನಿಸಿ ಅಣ್ಣಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕೋವಿಯ ಹಿಂಬದಿಯ ಮರ ಸೀಳು ಬಿಟ್ಟಿತ್ತು. ಅವ್ವ ಒಪ್ಪುವುದನ್ನೂ ಕಾಯದೆ, ಹೆಸರು ಬದಲಾಗುವ ಮುಂಚೆ ದುರಸ್ತಿ ಮಾಡಿಸಬೇಕೆಂದು ರಂಜಿತ ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲು ಹೊರಟಳು. ಗಂಜಾಂನಲ್ಲಿ, ನಿಮಿಷಾಂಬನ ಗುಡಿಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ಖಾಸಿಂ ಸಾಬರ ಅಂಗಡಿ. ಅವರ ತಂದೆಯ ಕಾಲದಿಂದ ಸುತ್ತಲ ಕೋವಿಗಳಿಗೆಲ್ಲ ಮರ ಕೂರಿಸುವುದು ಆ ಮನೆಯವರೇ. ಅಣ್ಣಮ್ಮ ತಾನೂ ಬರುತ್ತೇನೆಂದು ಜೊತೆಗೆ ಹೊರಟಳು. ಮನಸ್ಸಿನಲ್ಲಿ ಒಂದು ಸಂಚಿತ್ತು. ಮಗಳು ಆಚೆ ಹೋದಾಗ ಸಾಬರ ಕಿವಿಯಲ್ಲಿ ಊದಿ, "ಈ ಕೋವಿ ಕೆಟ್ಟೋಯ್ತು, ಇನ್ನು ಆಗಾಕಿಲ್ಲ" ಎಂದು ಅವರ ಬಾಯಿಂದ ಹೇಳಿಸಿಬಿಡುವುದು.

ಸಂಚು ನಡೆಯಲಿಲ್ಲ. ಸಾಬರಿಗೂ ಕಿವಿ ಮಂದ. ಊದಿದರೆ ಬೀದಿಗೆಲ್ಲ ಕೇಳಿಸುವಂತೆ ಊದಬೇಕು. ಅಷ್ಟರಲ್ಲಿ ಅವರು ಗಜವನ್ನು ಈಚೆಗೆಳೆದು ಗೀಟಿನ ಮೇಲೆ ಉಗುರಾಡಿಸಿ, "ಯೇ ನಿಶಾನ್ ಯಾರ್ದು ಅಮ್ಮಾ?" ಎಂದರು.

"ಅಪ್ಪಂದು. ಐದು ಬೆರಳು."

"ಕುಳ್ಳಯ್ಯನೋರ ಬೆರಳಾ! ಅವ್ರ ಕೈ ನಾನು ನೋಡಿವ್ನಿ ಕಣಮ್ಮ, ಪಚ್ಚಬಾಳೆ ಚಿಪ್ಪು ಇದ್ದಂಗಿತ್ತು" ಎಂದು ಸಾಬರು ನಕ್ಕರು. ನಗುವಾಗ ಅವರ ಕಣ್ಣು ಅಣ್ಣಮ್ಮನ ಕೈಯ ಮೇಲೆ ಬಿತ್ತು. ನಗು ಅಲ್ಲಿಗೇ ನಿಂತಿತು.

ಅಣ್ಣಮ್ಮನೂ ತನ್ನ ಕೈ ನೋಡಿಕೊಂಡಳು. ಗಜವನ್ನು ಮಡಿಲಿಗೆ ಎಳೆದುಕೊಂಡು ತುದಿಯಿಂದ ತನ್ನ ಬೆರಳುಗಳನ್ನು ಜೋಡಿಸಿಟ್ಟಳು. ಒಂದು ಕೈಯ ಬೆರಳು ಮುಗಿದವು, ಗೀಟು ಇನ್ನೂ ದೂರವಿತ್ತು. ಇನ್ನೊಂದು ಕೈ ಸೇರಿಸಿದಳು. ಏಳು ಬೆರಳು ಮುಗಿದು ಎಂಟನೆಯದರ ಅರ್ಧಕ್ಕೆ ಗೀಟು ಬಂತು. ಅಪ್ಪನ ಐದು ಅವಳಿಗೆ ಏಳೂವರೆ. ಇಷ್ಟು ವರ್ಷ ಕೋವಿ ತುಂಬಿದ್ದಾಳೆ, ಒಂದು ದಿನವಾದರೂ ತನ್ನ ಬೆರಳಿಟ್ಟು ನೋಡಿರಲಿಲ್ಲ. ಅಪ್ಪನ ಗೀಟಿದೆಯಲ್ಲ, ಇನ್ನೇನು ಅಳೆಯುವುದು?

ಎತ್ತಿನಂಥ ಗಂಡಸಿನ ಮೈಗೆ ಕೊರೆದ ಅಳತೆಯನ್ನು ಹಂಚಿಕಡ್ಡಿಯಂಥ ಹುಡುಗಿ ಜೀವಮಾನವಿಡೀ ತಿಂದಿದ್ದಳು. ಆ ಎತ್ತಿನಂಥ ಮೈಗಾದರೂ ಅದು ಒಗ್ಗಿತ್ತೆ? ಕೊನೆಯ ವರ್ಷಗಳ ಅಪ್ಪ ಕಣ್ಣ ಮುಂದೆ ಬಂದ. ಎಡಗೈಯಲ್ಲಿ ಮುದ್ದೆ ಮುರಿದು ಉಣ್ಣುತ್ತಿದ್ದ ಅಪ್ಪ. ಯಾಕಪ್ಪ ಎಂದರೆ, "ಬಲಗೈಗೆ ವಯಸ್ಸಾಯ್ತು, ಪಿಂಚಣಿ ಕೊಟ್ಬುಟ್ಟೆ" ಎಂದು ನಗಿಸುತ್ತಿದ್ದ. ಅವಳೂ ನಕ್ಕಿದ್ದಳು. ಅಪ್ಪ ತನ್ನಿಂದ ಮುಚ್ಚಿಟ್ಟದ್ದನ್ನೇ ತಾನು ಮಗಳಿಂದ ಮುಚ್ಚಿಟ್ಟಿದ್ದೆ ಎಂದು ಹೊಳೆದದ್ದೇ ತಡ, ಸಾಬರ ಅಂಗಡಿಯ ಮರದ ಪುಡಿಯ ನಡುವೆ ಕೂತು ಗಳಗಳನೆ ಅತ್ತಳು. ಅಪ್ಪನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದಷ್ಟೇ ಅಪ್ಪ ಬೇಕೆನಿಸಿದ.

ಚಹಾ ತರಲು ಹೋಗಿದ್ದ ರಂಜಿತ ಗಾಬರಿಯಾಗಿ ಒಳಗೆ ಬಂದಳು.

"ನಿಮ್ಮಜ್ಜ ತಪ್ಪು ಮಾಡ್ಬುಟ್ಟ ಕಣವ್ವ" ಎಂದಳು ಅಣ್ಣಮ್ಮ. "ಪ್ರೀತಿ ಮಾಡ್ದ, ತಪ್ಪೂ ಮಾಡ್ದ. ನನ್ನ ಬೆರಳಿಟ್ಟು ಅಳೀಲಿಲ್ಲ. ನೀನು ಕೋವಿ ಹಿಡೀಬೇಕಾ? ಹಿಡಿ. ಆದ್ರೆ ನಿನ್ ಬೆರಳಿಟ್ಟು ಅಳೆದು ಹಿಡಿ. ಇಲ್ಲಾ ಅಂದ್ರೆ ಇದನ್ನ ಈಗ್ಲೇ ಹೊಳೆಗೆ ಎಸೀತೀನಿ."

"ಅಜ್ಜನ ಸದ್ದು ಬರಾಕಿಲ್ವಲ್ಲವ್ವ?"

"ಸದ್ದು ಬ್ಯಾಡ. ಹಂದಿ ಓಡಾಕೆ ಅಷ್ಟು ಸದ್ದು ಯಾವತ್ತೂ ಬೇಕಾಗಿರ್ಲಿಲ್ಲ. ಅದು ಬೇಕಾಗಿದ್ದದ್ದು ನಮಗೆ."

ರಂಜಿತ ಚಹಾದ ಲೋಟಗಳನ್ನು ಕೆಳಗಿಟ್ಟಳು. ಆಮೇಲೆ ಕೂತು, ಗಜದ ತುದಿಗೆ ತನ್ನ ಮೂರು ಬೆರಳು ಜೋಡಿಸಿ ಹಿಡಿದಳು. "ಗಟ್ಟಿಯಾಗ್ ಹಿಡ್ಕೊ ಬೇಟಿ" ಎಂದು ಖಾಸಿಂ ಸಾಬರು ಅರ ತೆಗೆದರು. ಹೊಸ ಗೀಟು ಹಳೆಯದಕ್ಕಿಂತ ಎಷ್ಟೋ ಮೇಲೆ ಬಿತ್ತು.

ಲೈಸೆನ್ಸು ಹೆಸರು ಬದಲಾಗಲು ಓಡಾಡಿದ ಓಡಾಟ ಸಣ್ಣದಲ್ಲ. ಚಪ್ಪಲಿ ಸವೆಯಿತು ಎನ್ನುವುದು ಬರಿಯ ಮಾತಲ್ಲ. ಕಬ್ಬು ಮತ್ತೆ ಗಣ್ಣು ಕಟ್ಟುವ ಹೊತ್ತಿಗೆ ಕೋವಿ ರಂಜಿತಳದಾಯಿತು. ಅವಳು ಮೊದಲ ಈಡು ಹೊಡೆಯುವ ಸಂಜೆ ಕರಿಯಪ್ಪ ಕೋಲೂರಿಕೊಂಡು ಬಂದ. ಇನ್ನೂ ನಾಲ್ಕಾರು ಮಂದಿ ಸೇರಿದರು. ಕುಳ್ಳಯ್ಯನ ಮೊಮ್ಮಗಳ ಈಡು ಕೇಳಬೇಕಲ್ಲ!

ರಂಜಿತ ಎರಡು ಕಿವಿಗೂ ಹತ್ತಿ ತುರುಕಿಕೊಂಡು, ಹೆಗಲಿಗೆ ಮಡಿಸಿದ ಟವಲು ಇಟ್ಟುಕೊಂಡು ಗದ್ದೆಯ ಬದುವಿನ ಮೇಲೆ ನಿಂತಳು. "ಈಡು ಹೊಡೆಯುವಾಗ ಹಂದಿಯ ಮೇಲೆ ಕಣ್ಣಿರಬೇಕು" ಎಂದು ಕುಳ್ಳಯ್ಯ ಹಿಂದೆ ತನ್ನ ಮಗಳಿಗೆ ಹೇಳಿಕೊಟ್ಟಿದ್ದ. ಅಣ್ಣಮ್ಮ ಕಬ್ಬಿನ ಕಡೆಯಾಗಲಿ ಗುಡ್ಡದ ಕಡೆಯಾಗಲಿ ನೋಡಲಿಲ್ಲ. ಮಗಳ ಬೆನ್ನ ಹಿಂದೆ ನಿಂತು ಅವಳ ಬಲಹೆಗಲನ್ನೇ ನೋಡುತ್ತಿದ್ದಳು.

ಹೊಗೆ ಎದ್ದಿತು. ಸದ್ದು ಅಣ್ಣಮ್ಮನಿಗೆ ಯಾರೋ ದೂರದಲ್ಲಿ ಬಾಗಿಲು ಹಾಕಿಕೊಂಡಷ್ಟು ಕೇಳಿಸಿತು. ಹೆಗಲು ಒಂದಿಷ್ಟು ಹಿಂದಕ್ಕೆ ಸರಿದು ಮತ್ತೆ ತನ್ನ ಜಾಗಕ್ಕೆ ಬಂತು.

"ಥೂ, ಇದೇನಮ್ಮಿ ಇದು! ದೀಪಾವಳಿ ಪಟಾಕಿ ಇದ್ದಂಗದೆ!" ಎಂದ ಕರಿಯಪ್ಪ. ಬಂದವರು ನಕ್ಕರು. ಐದು ಬೆರಳಿನ ಮನೆತನ ಮೂರಕ್ಕೆ ಇಳಿಯಿತೆಂದು ಯಾರೋ ಲೊಚಗುಟ್ಟಿದರು. ಕಬ್ಬಿನೊಳಗಿನಿಂದ ಸರಸರ ಸದ್ದಾಗಿ ಹಂದಿಗಳು ಗುಡ್ಡದ ಕಡೆ ಓಡಿದವೆಂದು ದೇವಯ್ಯ ಕೂಗಿ ಹೇಳಿದ. ಅಣ್ಣಮ್ಮನಿಗೆ ಅದೊಂದೂ ಬೇಕಿರಲಿಲ್ಲ. ಜನರನ್ನು ಸರಿಸಿಕೊಂಡು ಮಗಳ ಮುಂದೆ ಹೋಗಿ ನಿಂತಳು.

"ಕೈ ಎತ್ತು."

"ಏನವ್ವ?"

"ಬಲಗೈ ಎತ್ತು ಅಂದೆ."

ರಂಜಿತ ಏನೆಂದು ತಿಳಿಯದೆ, ಶಾಲೆಯ ಹುಡುಗಿಯ ಹಾಗೆ ಕೈಯನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿದಳು.

"ನೋವಾಯ್ತದಾ?"

"ಇಲ್ಲ ಕಣವ್ವ."

"ಅಂಗೇ ಹಿಡ್ಕೊಂಡಿರು" ಎಂದಳು ಅಣ್ಣಮ್ಮ. ಕತ್ತಲಾಗಿ ಆ ಕೈ ಕಾಣದಾಗುವ ತನಕ ನೋಡುತ್ತಾ ನಿಂತಳು.